ಆರು ಜನರ ಫುಟ್‌ಬಾಲ್

ಹಲಸೂರಿಗೆ ಅಂಟಿಕೊಂಡ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಗೆ ಪೆಲೆಯವರ ಪ್ರತಿಮೆಯೂ ಇದೆ. ಬೆಂಗಳೂರಿನವರು ಆ ಬಡಾವಣೆಯನ್ನು ‘ಮಿನಿ ಬ್ರೆಜಿಲ್’ ಎಂದು ಕರೆಯುವುದು ಸುಮ್ಮನೆ ಅಲ್ಲ. ವಿಶ್ವಕಪ್ ಬಂತೆಂದರೆ ಅಲ್ಲಿನ ಬೀದಿಗೆ ಬೀದಿಯೇ ಹಳದಿ ಉಡುತ್ತದೆ, ದೊಡ್ಡ ಪರದೆ ಕಟ್ಟಿ ಜನ ರಾತ್ರಿಯಿಡೀ ಕೂತು ನೋಡುತ್ತಾರೆ. 2022ರ ಡಿಸೆಂಬರ್ 29ರಂದು ಪೆಲೆ ತೀರಿಕೊಂಡಾಗ ಬೆಂಗಳೂರಿನ ಪತ್ರಕರ್ತರು ಹುಡುಕಿಕೊಂಡು ಹೋದದ್ದು ಈ ಬಡಾವಣೆಗೇ.

ಅದೇ ಪೆಲೆಯವರ ಹೆಸರು ಹೊತ್ತ ಒಂದು ವಿಡಿಯೋ ಗೇಮ್ ಇತ್ತು. ಅಮೆರಿಕದ ಅಟಾರಿ ಕಂಪನಿ 1980ರಲ್ಲಿ ‘ಚಾಂಪಿಯನ್‌ಶಿಪ್ ಸಾಕರ್’ ಎಂದು ಹೊರತಂದ ಆಟ ಅದು. ಮರುವರ್ಷ ‘ಪೆಲೆಸ್ ಸಾಕರ್’ ಎಂದು ಹೆಸರು ಬದಲಾಯಿತು. ಟಿವಿಗೆ ಸಿಕ್ಕಿಸಿ ಆಡುವ ಈ ಆಟದಲ್ಲಿ ಒಂದೊಂದು ತಂಡಕ್ಕೆ ಗೋಲಿಯನ್ನು (ಗೋಲ್‌ಕೀಪರನ್ನು) ಬಿಟ್ಟರೆ ಮೂವರೇ ಆಟಗಾರರು. ಮೂವರೂ ತ್ರಿಕೋನದ ಮೂರು ತುದಿಗಳಲ್ಲಿ ನಿಂತು, ಒಬ್ಬರನ್ನೊಬ್ಬರು ಬಿಡದೆ ಒಟ್ಟಿಗೆ ಚಲಿಸುತ್ತಾರೆ. ಗೋಲಾದರೆ ಪರದೆಯ ಮೇಲೆ ಪಟಾಕಿ ಹಾರುತ್ತದೆ. ಇಷ್ಟೇ ಆಟ.

ಹನ್ನೊಂದು ಜನರ ಆಟವನ್ನು ಗೋಲಿಯೂ ಸೇರಿ ನಾಲ್ಕು ಜನಕ್ಕೆ ಇಳಿಸಿದ ಮೇಲೆ ಉಳಿಯುವುದು ಫುಟ್‌ಬಾಲೇ? ಮನೆಯ ಟಿವಿಗೆ ಬಂದ ಮೊದಮೊದಲ ಫುಟ್‌ಬಾಲ್ ಗೇಮುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವನ್ನು ಮುಂದೆ ಬಂದ ‘ಫಿಫಾ’ದಂಥ ದೊಡ್ಡ ಆಟಗಳಿಗೆ ಹಾಕಿದ ಒರಟು ಕರಡಿನಂತೆ ನೋಡುತ್ತಾರೆ. ಯಂತ್ರಕ್ಕೆ ಶಕ್ತಿ ಇರಲಿಲ್ಲ, ಆಮೇಲೆ ಬಂತು, ಆಟ ನಿಜವಾಯಿತು ಎಂಬುದು ಅವರ ಕತೆ. ದಂಡು ಪ್ರದೇಶದಿಂದ ಕೆ.ಆರ್. ಪುರದವರೆಗಿನ ಬೆಂಗಳೂರಿನ ಪೂರ್ವ ಭಾಗದಲ್ಲಿ ನಿಂತು ನೋಡಿದರೆ ಈ ಕತೆ ಸರಿ ಎನಿಸುವುದಿಲ್ಲ. ಇಲ್ಲಿ ಫುಟ್‌ಬಾಲ್ ಬೆಳೆದದ್ದು ಪಟ್ಟಣದ ಇಕ್ಕಟ್ಟು ಜಾಗಗಳಲ್ಲಿ. ಹನ್ನೊಂದು ಜನ ಸೇರುವುದು ಭಾನುವಾರದ ಭಾಗ್ಯ, ಉಳಿದ ದಿನ ಐದೋ ಆರೋ ಜನ. ಆ ಚಿಕ್ಕ ಆಟವನ್ನು ಹಳೆಯ ಗೇಮುಗಳು ಬಹಳ ಚೆನ್ನಾಗಿ ಹಿಡಿದಿದ್ದವು. ಯಂತ್ರ ದೊಡ್ಡದಾದಂತೆ ಅದು ಕೈತಪ್ಪಿತು ಎಂಬುದು ನನ್ನ ವಾದ.

ಮೊದಲು ಯಂತ್ರದ ಲೆಕ್ಕ ನೋಡಬೇಕು, ಏಕೆಂದರೆ ಎಲ್ಲವೂ ಅಲ್ಲಿಂದಲೇ ಹುಟ್ಟಿದ್ದು. ಪೆಲೆ ಹೆಸರಿನ ಆಟ ಓಡುತ್ತಿದ್ದ ಅಟಾರಿ 2600 ಪೆಟ್ಟಿಗೆಗೆ ಇದ್ದ ನೆನಪಿನ ಶಕ್ತಿ 128 ಬೈಟ್. ಈ ಪ್ಯಾರಾದ ಮೊದಲ ವಾಕ್ಯವನ್ನೂ ಅದರಲ್ಲಿ ಪೂರ್ತಿ ಇಡಲಾಗದು. ಚಿತ್ರ ಬಿಡಿಸುವ ಚಿಪ್‌ಗೆ ಗೊತ್ತಿದ್ದದ್ದು ಹಿನ್ನೆಲೆಯ ಜೊತೆಗೆ ಐದೇ ವಸ್ತು: ಇಬ್ಬರು ‘ಆಟಗಾರರು’, ಎರಡು ‘ಗುಂಡು’, ಒಂದು ‘ಚೆಂಡು’. ಇಬ್ಬರು ಎದುರುಬದುರು ನಿಂತು ಚೆಂಡು ಹೊಡೆಯುವ ಆಟಕ್ಕೆ, ಟ್ಯಾಂಕುಗಳ ಕಾಳಗಕ್ಕೆ ಎಂದು ಮಾಡಿದ ಚಿಪ್ ಅದು. ಆದರೆ ಒಬ್ಬ ಆಟಗಾರನ ಚಿತ್ರವನ್ನು ಅಡ್ಡಸಾಲಿನಲ್ಲಿ ಮೂರು ಸಲದವರೆಗೆ ನಕಲು ಮಾಡುವ ಒಂದು ಸೌಲಭ್ಯ ಅದರಲ್ಲಿತ್ತು. ನಕಲುಗಳು ಬೇರೆ ಬೇರೆಯಾಗಿ ಓಡಲಾರವು, ಮೂಲದ ಜೊತೆಗೇ ಸರಿಯುತ್ತವೆ. ಪೆಲೆ ಹೆಸರಿನ ಆಟದಲ್ಲಿ ಮೂವರು ಒಟ್ಟಿಗೆ ಚಲಿಸುವುದರ ಹಿಂದೆ ಇಂಥ ಬಡತನವಿದೆ. ಆಟವನ್ನು ರೂಪಿಸಿದ ಸ್ಟೀವ್ ರೈಟ್ ಈ ಬಡತನದಿಂದಲೇ ತ್ರಿಕೋನವನ್ನು ಪಡೆದರು. ಫುಟ್‌ಬಾಲ್ ಕಲಿಸುವ ಯಾವ ಕೋಚ್‌ನನ್ನು ಕೇಳಿದರೂ ಚೆಂಡು ಹಿಡಿದವನಿಗೆ ಯಾವಾಗಲೂ ಇಬ್ಬರು ಪಾಸಿಗೆ ಸಿಗಬೇಕು, ಮೂವರೂ ತ್ರಿಕೋನವಾಗಿ ನಿಲ್ಲಬೇಕು ಎನ್ನುತ್ತಾರೆ. ಆ ಪಾಠ 128 ಬೈಟಿನಲ್ಲಿ ಹಿಡಿಸಿತು.

ಪೆಲೆಯವರ ಹೆಸರು ಅದಕ್ಕೆ ಹೇಗೆ ಬಂತು ಎಂಬುದರಲ್ಲಿ ವ್ಯಾಪಾರದ ಒಂದು ಎಳೆ ಇದೆ. 1975ರಲ್ಲಿ ಅವರು ನ್ಯೂಯಾರ್ಕ್ ಕಾಸ್ಮಸ್ ತಂಡ ಸೇರಿದರು. ಆ ತಂಡ ವಾರ್ನರ್ ಕಮ್ಯುನಿಕೇಷನ್ಸ್‌ನದು. 1976ರಲ್ಲಿ ಅದೇ ವಾರ್ನರ್ ಅಟಾರಿಯನ್ನು ಕೊಂಡಿತು. ಹೀಗೆ ಆಟಗಾರ ಮತ್ತು ಆಟದ ಪೆಟ್ಟಿಗೆ ಒಂದೇ ಯಜಮಾನನ ಕೈಗೆ ಬಂದವು. ಕಾಸ್ಮಸ್ ತಂಡವೇ 1977ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ಗೆ ಬಂದು ಮೋಹನ್ ಬಾಗಾನ್ ಜೊತೆ 2-2 ಸಮ ಮಾಡಿಕೊಂಡು ಹೋಯಿತು. ದೇಶದಲ್ಲಿ ಪೆಲೆ ಭಕ್ತಿ ಬೆಳೆಯಲು ಆ ಭೇಟಿಯ ಪಾಲೂ ಇದೆ.

ಪೆಲೆ ಗೇಮಿಗಿಂತ ಮೊದಲೂ ಮನೆಯ ಟಿವಿಯಲ್ಲಿ ಫುಟ್‌ಬಾಲ್ ಎಂದು ಕರೆಸಿಕೊಂಡದ್ದು ಒಂದಿತ್ತು. ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿ 1976ರಲ್ಲಿ ಮಾರಿದ ಒಂದೇ ಒಂದು ಚಿಪ್‌ನಲ್ಲಿ ಟೆನಿಸ್, ಸ್ಕ್ವಾಷ್ ಜೊತೆಗೆ ‘ಸಾಕರ್’ ಕೂಡ ಅಡಗಿತ್ತು. ಆ ಚಿಪ್ ಹಾಕಿದ ಅಗ್ಗದ ಪೆಟ್ಟಿಗೆಗಳು ಜಗತ್ತಿನ ತುಂಬ ತಯಾರಾದವು. ಅದರ ಸಾಕರ್‌ನಲ್ಲಿ ಮನುಷ್ಯರೇ ಇಲ್ಲ: ಗೋಲಿಗೆ ಒಂದು ಗೀಟು, ಮುಂದಾಳಿಗೆ ಒಂದು ಗೀಟು, ಗೋಲಿನ ಜಾಗ ಬಿಟ್ಟು ಎರಡು ಕಡೆ ಗೋಡೆ. ಗೋಡೆಗೆ ತಾಗಿದ ಚೆಂಡು ಆಟದೊಳಕ್ಕೇ ಮರಳುತ್ತದೆ. ಶಿವಾಜಿನಗರದ ಓಣಿಯಲ್ಲಿ ಆಡಿ ಬೆಳೆದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣದು. ಅಲ್ಲಿ ಚೆಂಡು ಹೊರಗೆ ಹೋಗುವುದೇ ಇಲ್ಲ, ಕಾಂಪೌಂಡಿಗೆ ಬಡಿದು ಹಿಂದಕ್ಕೆ ಬರುತ್ತದೆ. ಗೋಡೆಗೆ ಹೊಡೆದು ಮುಂದೆ ಓಡಿ ಹಿಡಿಯುವುದು ಅಲ್ಲಿನ ಪಾಸುಗಳಲ್ಲೇ ಅತ್ಯಂತ ಉಪಯೋಗದ ಪಾಸು.

ಆದರೆ ಇವೆಲ್ಲ ಬೆಂಗಳೂರಿಗೆ ಬರಲು ಮೊದಲು ಟಿವಿ ಬರಬೇಕಿತ್ತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅಂದರೆ ಅಮೆರಿಕದ ಮಕ್ಕಳು ಪೆಲೆ ಹೆಸರಿನ ಕ್ಯಾಸೆಟ್ ಹಾಕಿಕೊಂಡು ಆಡುತ್ತಿದ್ದ ವರ್ಷವೇ ಇಲ್ಲಿ ಮಾಳಿಗೆಯ ಮೇಲೆ ಮೊದಲ ಆಂಟೆನಾಗಳು ಎದ್ದವು. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. 1986ರಲ್ಲಿ ಮೆಕ್ಸಿಕೋದ ವಿಶ್ವಕಪ್ ನೇರಪ್ರಸಾರವಾಯಿತು. ಮರಡೋನಾ ಈ ಓಣಿಗಳಿಗೆ ಬಂದದ್ದು ಆಗ. ಅಲ್ಲಿಯವರೆಗೆ ಹೊರದೇಶದ ಫುಟ್‌ಬಾಲನ್ನು ಪತ್ರಿಕೆಯ ಚಿತ್ರದಲ್ಲಿ ಬಿಟ್ಟರೆ ಕಣ್ಣಾರೆ ಕಂಡವರು ಕಡಿಮೆ. ಟಿವಿಯಲ್ಲಿ ಆಟ ನೋಡುವುದು, ಟಿವಿಯಲ್ಲಿ ಆಟ ಆಡುವುದು ಎರಡೂ ಇಲ್ಲಿಯವರಿಗೆ ಹೆಚ್ಚುಕಡಿಮೆ ಒಂದೇ ದಶಕದಲ್ಲಿ ಸಿಕ್ಕವು. ಪಶ್ಚಿಮದ ದೇಶಗಳಲ್ಲಿ ಹಾಗಾಗಿರಲಿಲ್ಲ. ಇಲ್ಲಿಯ ಮಕ್ಕಳು ಪರದೆಯ ಮೇಲಿನ ಚುಕ್ಕೆಮನುಷ್ಯರನ್ನು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಪೆಟ್ಟಿಗೆಗಳು ಬಂದ ದಾರಿ ನೇರವಾಗಿರಲಿಲ್ಲ. 1991ಕ್ಕೆ ಮೊದಲು ಇಂಥ ವಸ್ತುಗಳ ಮೇಲೆ ಆಮದು ಸುಂಕ ಭಾರಿ ಇತ್ತು; ಗಲ್ಫ್‌ನಲ್ಲಿ, ಸಿಂಗಪುರದಲ್ಲಿ ಕೆಲಸಕ್ಕಿದ್ದ ನೆಂಟರ ಸೂಟ್‌ಕೇಸಿನಲ್ಲೇ ಅವು ಬರಬೇಕು. ಆಮೇಲೆ ಜಪಾನಿನ ನಿಂಟೆಂಡೋ ಪೆಟ್ಟಿಗೆ ‘ಸಮುರಾಯ್’ ಎಂಬ ಹೆಸರಿನಲ್ಲಿ ಭಾರತದ ಅಂಗಡಿಗೆ ಬಂತು. ಅದರ ಬೆನ್ನಿಗೇ ಅದೇ ಯಂತ್ರದ ಅಗ್ಗದ ನಕಲುಗಳು ಬಂದವು. ‘ಮೀಡಿಯಾ’ ಕಂಪನಿಯವರ ಪೆಟ್ಟಿಗೆ, ‘ಲಿಟಲ್ ಮಾಸ್ಟರ್’, ಹೆಸರೇ ನೆನಪಿಲ್ಲದ ಇನ್ನೆಷ್ಟೋ. ನ್ಯಾಷನಲ್ ಮಾರ್ಕೆಟ್, ಬರ್ಮಾ ಬಜಾರ್, ಎಸ್.ಪಿ. ರೋಡ್‌ಗಳಲ್ಲಿ ಸುತ್ತಿದರೆ ಒಂದಲ್ಲ ಒಂದು ಅಂಗಡಿಯಲ್ಲಿ ಸಿಗುತ್ತಿತ್ತು. ಹಳದಿ, ಕಪ್ಪು, ಬೂದು ಬಣ್ಣದ ಕ್ಯಾಸೆಟ್ಟುಗಳ ಮೇಲೆ ‘64 ಇನ್ 1’ ಎಂದೋ ‘9999 ಇನ್ 1’ ಎಂದೋ ಅಚ್ಚು. ಒಳಗೆ ಅದೇ ಹತ್ತು ಹದಿನೈದು ಆಟಗಳು ಸುತ್ತಿ ಸುತ್ತಿ ಬರುತ್ತಿದ್ದವು. ಅವುಗಳಲ್ಲಿ ‘ಸಾಕರ್’ ಒಂದು ಇದ್ದೇ ಇರುತ್ತಿತ್ತು. ಪೆಟ್ಟಿಗೆ ಕೊಳ್ಳಲಾಗದ ಮನೆಯ ಹುಡುಗರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡುವ ವಿಡಿಯೋ ಗೇಮ್ ಅಂಗಡಿಗಳಿದ್ದವು.

ಆ ‘ಸಾಕರ್’ ನಿಂಟೆಂಡೋ 1985ರಲ್ಲಿ ಹೊರತಂದದ್ದು. ಈ ಸಮೀಕ್ಷೆಯ ನಡುಗಂಬ ಅದೇ ಎಂದರೂ ತಪ್ಪಿಲ್ಲ. ಏಳು ದೇಶಗಳ ತಂಡ. ಒಂದೊಂದರಲ್ಲಿ ಗೋಲಿಯೂ ಸೇರಿ ಆರು ಜನ. ಅರ್ಧ ಆಟಕ್ಕೆ 15, 30 ಅಥವಾ 45 ನಿಮಿಷ ಎಂದು ಆರಿಸಿಕೊಳ್ಳಬಹುದು. ಗಡಿಯಾರ ಮಾತ್ರ ನಿಜವಾದ ಗಡಿಯಾರಕ್ಕಿಂತ ಬೇಗ ಓಡುತ್ತದೆ. ಆರೇ ಜನ ಏಕೆ? ಈ ಯಂತ್ರದಲ್ಲಿ ಚಲಿಸುವ ಚಿತ್ರಗಳೆಲ್ಲ ಎಂಟು ಚುಕ್ಕೆ ಅಗಲದ ತುಣುಕುಗಳಿಂದ ಆದವು. ಪರದೆಯ ಮೇಲೆ ಒಮ್ಮೆಗೆ 64 ತುಣುಕು ಇರಬಹುದು. ಒಬ್ಬ ಆಟಗಾರನಿಗೆ ನಾಲ್ಕು ತುಣುಕು ಎಂದುಕೊಂಡರೂ 22 ಜನಕ್ಕೆ 88 ಬೇಕು, ಆಗದು. 12 ಜನಕ್ಕಾದರೆ 48, ಚೆಂಡಿಗೂ ಜಾಗ ಉಳಿಯುತ್ತದೆ. ಇನ್ನೊಂದು ಕಟ್ಟುಪಾಡು ಇದಕ್ಕಿಂತ ಬಿಗಿ: ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ತುಣುಕನ್ನು ಬಿಡಿಸಲಾಗದು. ಒಬ್ಬನ ಅಗಲಕ್ಕೆ ಎರಡು ತುಣುಕು ಹಿಡಿದರೆ ನಾಲ್ವರು ಒಂದೇ ಸಾಲಿಗೆ ಬರುತ್ತಲೇ ಲೆಕ್ಕ ತುಂಬಿತು. ಐದನೆಯವನು ಬಂದರೆ ಯಾರದೋ ಕಾಲು, ಯಾರದೋ ತಲೆ ಮಾಯ. ಗೋಲಿನ ಮುಂದೆ ನೂಕುನುಗ್ಗಲಾದಾಗ ಆಟಗಾರರು ಮಿಣುಕುತ್ತಿದ್ದುದಕ್ಕೆ ಕಾರಣ ಇದು. ಕ್ಯಾಸೆಟ್ ಕೆಟ್ಟಿದೆ ಎಂದು ಹೊರಗೆ ತೆಗೆದು ಊದಿ ಊದಿ ಮತ್ತೆ ಸಿಕ್ಕಿಸುತ್ತಿದ್ದರು ಹುಡುಗರು. ಕ್ಯಾಸೆಟ್‌ನ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಈ ಆಟದ ಗುಣ ಏನು ಎಂದರೆ, ಅದರಲ್ಲಿ ಸುಮ್ಮನೆ ನಿಲ್ಲುವವರು ಯಾರೂ ಇಲ್ಲ. ಹನ್ನೊಂದು ಜನರ ಆಟದಲ್ಲಿ ಒಬ್ಬ ಡಿಫೆಂಡರ್ ಎಷ್ಟೋ ನಿಮಿಷ ಚೆಂಡು ಮುಟ್ಟದೆ ಇರಬಹುದು. ಆರು ಜನರಲ್ಲಿ ಅದು ಸಾಧ್ಯವಿಲ್ಲ. ಪಾಸು ತಪ್ಪಿದರೆ ಎದುರಾಳಿ ಮೂರು ಹೆಜ್ಜೆಗೆ ಗೋಲಿನ ಮುಂದಿರುತ್ತಾನೆ. ಆದ್ದರಿಂದ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬನನ್ನು ದಾಟಿಸುವ ಕೌಶಲಕ್ಕೆ ಬೆಲೆ, ಉದ್ದನೆಯ ಕಿಕ್ಕಿಗೆ ಬೆಲೆಯಿಲ್ಲ. ಇದು ದಂಡು ಪ್ರದೇಶದವರ ಆಟದ ಶೈಲಿಯೇ.

ಈಗ ಆ ಶೈಲಿಯ ಬಗ್ಗೆ ಹೇಳಬೇಕು, ಏಕೆಂದರೆ ಟಿವಿ ಗೇಮಿನ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದ ಮೇಲೆ ಅವರ ಪಲ್ಟನ್ನುಗಳ ಜೊತೆಗೆ ಫುಟ್‌ಬಾಲೂ ಬಂತು. ಸೈನಿಕರ ಮನೆಗಳಲ್ಲಿ, ಕುದುರೆ ಲಾಯಗಳಲ್ಲಿ, ರಸಲ್ ಮಾರ್ಕೆಟ್ಟಿನ ಸುತ್ತ ಕೆಲಸಕ್ಕಿದ್ದವರ ಮಕ್ಕಳು ಆಡಿ ಆಡಿ ಅದನ್ನು ತಮ್ಮದು ಮಾಡಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ರೆಜಿಮೆಂಟುಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. 1938ರಲ್ಲಿ ಮತ್ತೆ ಗೆದ್ದರು. ಅದೇ ತಂಡದಲ್ಲಿ ಆಡಿ ಮೇಲೆ ಬಂದ ಅಹ್ಮದ್ ಖಾನ್ ಆಮೇಲೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು; ಅಲ್ಲಿನ ಜನ ‘ಪಂಚ ಪಾಂಡವರು’ ಎಂದು ಕೊಂಡಾಡಿದ ಐವರು ಮುಂದಾಳುಗಳಲ್ಲಿ ಅವರೂ ಒಬ್ಬರು, ಬೆಂಗಳೂರಿನವರೇ ಆದ ಧನರಾಜ್ ಇನ್ನೊಬ್ಬರು. ಚೆಂಡನ್ನು ಅಹ್ಮದ್ ಖಾನ್ ಕಾಲಿನಿಂದ ಬಿಡಿಸುವುದು ಕಷ್ಟ ಎಂದು ಅವರಿಗೆ ಹಾವಾಡಿಗ ಎಂಬ ಅಡ್ಡಹೆಸರೇ ಇತ್ತು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿದಾಗ ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಇಳಿದರು. ಭಾರತದ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಕೈತಪ್ಪಿದವು. ಆಟದ ಕೊನೆಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಲ್ಲಿ ಗೆದ್ದಿತು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿತು, ಕೊನೆಯದು 1968-69ರಲ್ಲಿ. ಆಮೇಲೆ ಅದು ಕರ್ನಾಟಕಕ್ಕೆ ಮರಳಿದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ 54 ವರ್ಷ.

ಆಟಗಾರರು ಹೊಟ್ಟೆಪಾಡಿಗೆ ನಂಬಿದ್ದು ಕಾರ್ಖಾನೆಗಳನ್ನು, ಸೇನೆಯನ್ನು. ಕೆ.ಆರ್. ಪುರದ ಪಕ್ಕ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಟೆಲಿಫೋನ್ ಕಾರ್ಖಾನೆ ಐಟಿಐ, ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್, ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಎಂಇಜಿ, ಸೇನೆಯ ಎಎಸ್‌ಸಿ ಇವೆಲ್ಲ ತಂಡ ಸಾಕಿದವು. ಚೆನ್ನಾಗಿ ಆಡಿದ ಹುಡುಗನಿಗೆ ಅಲ್ಲಿ ಕೆಲಸ, ಕ್ವಾರ್ಟರ್ಸ್, ಪೆನ್ಷನ್. ಐಟಿಐ ಮತ್ತು ಎಚ್‌ಎಎಲ್ ರಾಷ್ಟ್ರೀಯ ಲೀಗಿನವರೆಗೂ ಹೋದವು. ಐಟಿಐ ಬಗ್ಗೆ ನನಗೆ ಯಾವಾಗಲೂ ಒಂದು ಕೊರಗು. ಒಂದೇ ಬಡಾವಣೆಯಲ್ಲಿ ಸರ್ಕಿಟ್ ಬೋರ್ಡಿಗೆ ಬೆಸುಗೆ ಹಾಕುವ ಕೈಗಳೂ ಇದ್ದವು, ಫುಟ್‌ಬಾಲ್ ಆಡುವ ಕಾಲುಗಳೂ ಇದ್ದವು. ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟುವವರಿಗೆ ಒಂದು ಟಿವಿ ಗೇಮ್ ಕಟ್ಟುವುದು ಅಸಾಧ್ಯವಾದ ಕೆಲಸವಾಗಿರಲಿಲ್ಲ. ಆದರೆ ಆಟಿಕೆ ಮಾಡುವುದು ಸರ್ಕಾರಿ ಕಾರ್ಖಾನೆಯ ಕೆಲಸವೆಂದು ಆ ಕಾಲದ ಯೋಜನೆ ಬರೆದವರಿಗೆ ಅನಿಸಲಿಲ್ಲ. ಆಟ ಆಡುವ ಊರು, ಎಲೆಕ್ಟ್ರಾನಿಕ್ಸ್ ಮಾಡುವ ಊರು, ಎರಡೂ ಒಂದೇ ಆಗಿದ್ದು ಪೆಟ್ಟಿಗೆ ಮಾತ್ರ ಹೊರಗಿನಿಂದ ಬಂತು.

ಬಂದ ಪೆಟ್ಟಿಗೆಗಳಲ್ಲಿ ಈ ಊರಿನ ಆಟಕ್ಕೆ ಅತ್ಯಂತ ಹತ್ತಿರವಾದದ್ದು ನನ್ನ ಮಟ್ಟಿಗೆ ಟೆಕ್ನೋಸ್ ಜಪಾನ್ ಕಂಪನಿ 1990ರಲ್ಲಿ ಮಾಡಿದ ಫುಟ್‌ಬಾಲ್. ಹೊರದೇಶಗಳಲ್ಲಿ ಅದು ‘ನಿಂಟೆಂಡೋ ವರ್ಲ್ಡ್ ಕಪ್’ ಎಂಬ ಹೆಸರಿನಲ್ಲಿ 13 ದೇಶಗಳ ತಂಡಗಳೊಂದಿಗೆ ಬಂತು. ಜಪಾನಿನಲ್ಲಿ ಮಾತ್ರ ಅದು ದೇಶಗಳ ಕತೆಯೇ ಅಲ್ಲ, ಹೈಸ್ಕೂಲ್ ಹುಡುಗರ ಕತೆ: ಒಂದು ಶಾಲೆಯ ತಂಡ ಬೇರೆ ಬೇರೆ ಶಾಲೆಗಳ ಮೇಲೆ ಹೋಗಿ ಆಡುತ್ತದೆ. ತಂಡಕ್ಕೆ ಆರು ಜನ. ನೀವು ಆಡಿಸುವುದು ಒಬ್ಬನನ್ನೇ. ಉಳಿದವರಿಗೆ ಪಾಸ್ ಕೊಡು, ಶಾಟ್ ಹೊಡಿ ಎಂದು ಹೇಳಬಹುದಷ್ಟೇ. ಫೌಲ್ ಎಂಬುದಿಲ್ಲ. ಅಡ್ಡ ಬಂದವನನ್ನು ತಳ್ಳಿ ಬೀಳಿಸಬಹುದು. ಪೆಟ್ಟು ತಿಂದು ತಿಂದು ಸುಸ್ತಾದವನು ಮೇಲೇಳುವುದೇ ಇಲ್ಲ. ಲೆಕ್ಕಕ್ಕೆ ಇಷ್ಟೇ ಎಂದು ಸಿಗುವ ‘ಸೂಪರ್ ಶಾಟ್’ ಹೊಡೆದರೆ ಚೆಂಡು ವಿಕಾರವಾಗಿ ಹಾರಿ ಗೋಲಿಯನ್ನೇ ಎತ್ತಿಕೊಂಡು ಹೋಗುತ್ತದೆ. ಆಡುವ ನೆಲವೂ ಒಂದೇ ಅಲ್ಲ: ಹುಲ್ಲು, ಮಣ್ಣು, ಮರಳು, ಮಂಜುಗಡ್ಡೆ. ಅದರ ಮುಂದಿನ ಭಾಗ 1993ರಲ್ಲಿ ಬಂದು ಕಳ್ಳ ಕ್ಯಾಸೆಟ್ಟುಗಳಲ್ಲಿ ‘ಗೋಲ್ 3’ ಎಂಬ ಹೆಸರಿನಿಂದ ಊರೂರು ಸುತ್ತಿತು.

ಗಂಭೀರ ವಿಮರ್ಶಕರು ಈ ಆಟವನ್ನು ಹಾಸ್ಯದ ಆಟ ಎಂದು ಪಕ್ಕಕ್ಕೆ ಇಡುತ್ತಾರೆ. ನಾನು ಒಪ್ಪುವುದಿಲ್ಲ. ಆಸ್ಟಿನ್ ಟೌನಿನ ಗ್ರೌಂಡಿನಲ್ಲೋ ಹಲಸೂರಿನ ಆರ್‌ಬಿಎಎನ್‌ಎಂಎಸ್ ಮೈದಾನದಲ್ಲೋ ಒಂದು ಬಡಾವಣೆ ಇನ್ನೊಂದರ ಮೇಲೆ ಆಡುವುದನ್ನು ನೋಡಿದವರಿಗೆ ಆ ಆಟ ಏನು ಹೇಳುತ್ತಿದೆ ಎಂದು ತಿಳಿಯುತ್ತದೆ. ಮಣ್ಣಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆ ಎಂದು ಹೇಳಲಾಗದು. ಮಳೆ ಬಿದ್ದ ಮರುದಿನ ಅದು ನಿಲ್ಲುವುದೇ ಇಲ್ಲ. ರೆಫ್ರಿ ಇದ್ದರೂ ತಳ್ಳಾಟ ಇರುತ್ತದೆ. ತಂಡದಲ್ಲಿ ಒಬ್ಬ ನಾಯಕ, ಅವನು ಆಡುತ್ತಲೇ ಕಿರುಚಿ ಉಳಿದವರನ್ನು ಆಡಿಸುತ್ತಾನೆ. ಪ್ರತಿ ಬಡಾವಣೆಗೂ ಒಬ್ಬ ವೀರ, ಅವನ ಶಾಟಿಗೆ ಒಂದು ಖ್ಯಾತಿ. ಆ ಖ್ಯಾತಿ ಪಂದ್ಯದಿಂದ ಪಂದ್ಯಕ್ಕೆ ಬೆಳೆಯುತ್ತ ಹೋಗುತ್ತದೆ. ಟೆಕ್ನೋಸ್‌ನವರು ಉತ್ಪ್ರೇಕ್ಷೆ ಮಾಡಿದರು, ನಿಜ. ಆದರೆ ಬೀದಿ ಫುಟ್‌ಬಾಲಿನ ನೆನಪು ಇರುವುದೇ ಉತ್ಪ್ರೇಕ್ಷೆಯಲ್ಲಿ.

ಭಾಷೆಯ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಭಾಗದಲ್ಲಿ ಒಂದೇ ಬೆಂಚಿನ ಮೇಲೆ ಕೂತ ನಾಲ್ಕು ಹುಡುಗರ ಮನೆಮಾತು ತಮಿಳು, ದಖ್ಖನಿ, ಕನ್ನಡ, ತೆಲುಗು ಎಂದು ಬೇರೆ ಬೇರೆ ಇರಬಹುದು. ಜಪಾನಿ ಅಕ್ಷರದ ಮೆನು ಬಂದರೂ ಅವರಿಗೆ ತೊಡಕಾಗಲಿಲ್ಲ. ಮೂರನೇ ಸಾಲು ಎಂದರೆ ಬ್ರೆಜಿಲ್, ಕೆಳಗಿನದು ಎಂದರೆ ಇಬ್ಬರ ಆಟ ಎಂದು ಜಾಗ ನೋಡಿಯೇ ಕಲಿತರು. ಓದುಬರಹ ಕೇಳದ ಆಟವಾಗಿದ್ದರಿಂದ ಅದು ಎಲ್ಲರದೂ ಆಯಿತು.

ಈ ಪೆಟ್ಟಿಗೆಗಳು ಮಕ್ಕಳನ್ನು ಮೈದಾನದಿಂದ ಒಳಗೆ ಎಳೆದವು ಎಂಬ ದೂರು ಅಂದಿನಿಂದಲೂ ಇದೆ. ಅದಕ್ಕೆ ಆಧಾರ ಕಡಿಮೆ. ಗಂಟೆಗೆ ಇಷ್ಟು ಎಂದು ಕೊಟ್ಟು ಆಡುವ ಹುಡುಗನ ಜೇಬಿನಲ್ಲಿ ಇದ್ದದ್ದು ಒಂದು ಗಂಟೆಯ ದುಡ್ಡು; ಉಳಿದ ಹೊತ್ತು ಅವನು ಎಲ್ಲಿ ಹೋಗಬೇಕು? ಮೈದಾನಗಳು ಕಳೆದದ್ದು ಬೇರೆ ದಾರಿಗಳಲ್ಲಿ. ಖಾಲಿ ಸೈಟುಗಳು ಮನೆಗಳಾದವು. ಇಂದಿರಾನಗರದ ಅಗಲ ರಸ್ತೆಗಳು ಕಾರುಗಳಿಗೆ ಹೋದವು. ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದ ಮೇಲೆ ಮಗನನ್ನು ಗ್ರೌಂಡಿಗೆ ಕಳಿಸಲು ತಂದೆಗೆ ಇದ್ದ ಕಾರಣವೂ ಹೋಯಿತು. ಇವತ್ತು ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಬಲೆ ಕಟ್ಟಿದ ಟರ್ಫ್‌ಗಳು ತುಂಬಿವೆ, ಕೆಲವು ಕಟ್ಟಡದ ತಾರಸಿಯ ಮೇಲೇ ಇವೆ. ಅಲ್ಲಿ ಐದೋ ಆರೋ ಜನರ ತಂಡ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡುತ್ತದೆ. ಬಲೆಗೆ ತಾಗಿದ ಚೆಂಡು ಒಳಕ್ಕೇ ಬರುತ್ತದೆ. ಹಳೆಯ ವಿಡಿಯೋ ಗೇಮ್ ಅಂಗಡಿಯ ಲೆಕ್ಕವೂ ಅದರೊಳಗಿನ ಆಟದ ನಿಯಮವೂ ಮೈದಾನಕ್ಕೆ ಬಂದು ಕೂತಿವೆ. ದುಡ್ಡಿಲ್ಲದ ಹುಡುಗನಿಗೆ ಆಗ ಓಣಿಯಾದರೂ ಇತ್ತು. ಈಗ ಅಲ್ಲಿ ಸ್ಕೂಟರ್ ನಿಂತಿರುತ್ತದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ದೊಡ್ಡ ಯಂತ್ರಗಳ ಕಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ಎಲ್ಲರೂ ಬಲ್ಲರು. 1993ರ ಕೊನೆಗೆ ‘ಫಿಫಾ ಇಂಟರ್‌ನ್ಯಾಷನಲ್ ಸಾಕರ್’ ಬಂತು. ಮೈದಾನವನ್ನು ಓರೆಯಾಗಿ ಮೇಲಿನಿಂದ ತೋರಿಸಿ, ಹನ್ನೊಂದು ಜನರನ್ನೂ ಇಳಿಸಿ, ಟಿವಿಯ ನೇರಪ್ರಸಾರದ ಹಾಗೆ ಕಾಣಿಸಿತು. ಕೊನಾಮಿಯವರ ‘ವಿನ್ನಿಂಗ್ ಇಲೆವೆನ್’ ಪ್ಲೇಸ್ಟೇಷನ್‌ನಲ್ಲಿ ಚೆಂಡಿನ ತೂಕವನ್ನು ತಂದುಕೊಟ್ಟಿತು. ಒಂದು ವಿಷಯ ಮಾತ್ರ ಮರೆಯಬಾರದು: 1997ರಲ್ಲಿ ಬಂದ ‘ಫಿಫಾ: ರೋಡ್ ಟು ವರ್ಲ್ಡ್ ಕಪ್ 98’ರಲ್ಲಿ 172 ದೇಶಗಳ ತಂಡಗಳು ಇದ್ದವು. ಭಾರತವೂ ಇತ್ತು. ಭಾರತವನ್ನು ಆರಿಸಿಕೊಂಡು ಬ್ರೆಜಿಲನ್ನು ಸೋಲಿಸುವ ಹಟಕ್ಕೆ ಸೈಬರ್ ಕೆಫೆಗಳಲ್ಲಿ ಎಷ್ಟು ಸಂಜೆಗಳು ಹೋದವೋ.

ಆಮೇಲೆ ಲೈಸೆನ್ಸಿನ ಯುಗ. ಯಾವ ಕ್ಲಬ್ಬು ಹಣ ಮಾತಾಡಿಕೊಂಡಿದೆಯೋ ಅದರ ಅಂಗಿ, ಅದರ ಸ್ಟೇಡಿಯಂ, ಅದರ ಆಟಗಾರರ ಮುಖ ಮಾತ್ರ. ಇಂಡಿಯನ್ ಸೂಪರ್ ಲೀಗ್ ಫಿಫಾ ಸರಣಿಯೊಳಗೆ ಬಂದದ್ದು 2021ರ ‘ಫಿಫಾ 22’ರಲ್ಲಿ. ಆಗ ಬೆಂಗಳೂರು ಎಫ್‌ಸಿ ಆ ಸರಣಿಯಲ್ಲಿ ಆರಿಸಿಕೊಳ್ಳಬಹುದಾದ ತಂಡವಾಯಿತು. 2013ರಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಟ ಶುರು ಮಾಡಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ತಂಡ ಅದು. ಆ ಗೌರವಕ್ಕೆ ಅದು ಪೂರ್ತಿ ಅರ್ಹ. ಹೆಂಗಸರ ತಂಡಗಳು ಈ ಸರಣಿಗೆ ಬಂದದ್ದು ‘ಫಿಫಾ 16’ರಲ್ಲಿ, 2015ಕ್ಕೆ. ಭಾರತದ ಮಹಿಳಾ ಲೀಗಿನಲ್ಲಿ 2022-23ರಲ್ಲಿ ಎರಡನೇ ಸ್ಥಾನ ಪಡೆದ ಬೆಂಗಳೂರಿನ ಕಿಕ್‌ಸ್ಟಾರ್ಟ್ ಹುಡುಗಿಯರನ್ನು ಆಡಿಸುವ ಗೇಮ್ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಷ್ಟೆಲ್ಲ ಆದರೂ 1937ರ ಬೆಂಗಳೂರು ಮುಸ್ಲಿಮ್ಸ್ ಯಾವ ಗೇಮಿನಲ್ಲೂ ಇಲ್ಲ. ರಾಮನ್ ಇಲ್ಲ, ಧನರಾಜ್ ಇಲ್ಲ. ಬರಿಗಾಲಲ್ಲಿ ಆಡಿದ ಆ ಕಾಲದವರು ಇಲ್ಲ. ಗೌತಮಪುರದ ಓಣಿ ಇಲ್ಲ. ಬ್ರೆಜಿಲಿನ ಬೀದಿಗಳನ್ನು ತೋರಿಸುವ ಬೀದಿ ಫುಟ್‌ಬಾಲ್ ಗೇಮುಗಳಿವೆ. ‘ಮಿನಿ ಬ್ರೆಜಿಲ್’ ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದದ್ದು ಇಲ್ಲಿಯವರಿಗೇ. ಗೇಮ್ ಮಾಡುವ ಕೈಗಳಿಗೆ ಈ ಊರಿನಲ್ಲಿ ಕೊರತೆಯಿಲ್ಲ: ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು, ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಕಾರು, ರಸ್ತೆ, ಮರ ಬಿಡಿಸಿಕೊಟ್ಟು ಹೆಸರು ಪಡೆದು, 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಪ್ರತಿಭೆ ಇಲ್ಲಿಯದು, ಕತೆ ಪರಸ್ಥಳದ್ದು.

ನಮ್ಮ ಕತೆಗೆ ಕೋಟಿಗಟ್ಟಲೆ ಬೇಕಿಲ್ಲ, ಹಳೆಯ ಯಂತ್ರವೇ ಸಾಕು. ಅಟಾರಿಗೆ, ನಿಂಟೆಂಡೋ ಪೆಟ್ಟಿಗೆಗೆ ಹೊಸ ಆಟ ಬರೆಯುವವರು ಜಗತ್ತಿನಲ್ಲಿ ಇವತ್ತಿಗೂ ಇದ್ದಾರೆ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. 1985ರ ಕಾಲದ ಆಟವೊಂದು 40 ಕಿಲೋಬೈಟಿನಲ್ಲಿ ಮುಗಿಯುತ್ತಿತ್ತು, ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಎಂಜಿನಿಯರಿಂಗ್ ಕಾಲೇಜಿನ ಮೂವರು ನಾಲ್ವರು ವಿದ್ಯಾರ್ಥಿಗಳು ಒಂದು ವರ್ಷದ ಪ್ರಾಜೆಕ್ಟ್ ಎಂದು ಕೈಗೆತ್ತಿಕೊಂಡರೆ ಆಗುವ ಕೆಲಸ. ತಂಡಕ್ಕೆ ಆರು ಜನ ಇರಲಿ. ಮೊದಲ ಪಂದ್ಯ ಶಿವಾಜಿನಗರದ ಗೋಡೆಗಳ ನಡುವೆ, ಚೆಂಡು ಪುಟಿದು ಮರಳುವ ಹಾಗೆ. ಎರಡನೆಯದು ಆಸ್ಟಿನ್ ಟೌನಿನ ಮಣ್ಣಿನಲ್ಲಿ. ಆಮೇಲೆ ರೋವರ್ಸ್ ಕಪ್‌ನಲ್ಲಿ ಪಲ್ಟನ್ನಿನ ಬೂಟುಗಾಲಿನವರ ಮೇಲೆ ಬರಿಗಾಲು. ಬೂಟಿಗೆ ಬಲ ಹೆಚ್ಚು, ಬರಿಗಾಲಿಗೆ ಚೆಂಡಿನ ಮೇಲೆ ಹಿಡಿತ ಹೆಚ್ಚು ಎಂದು ನಿಯಮ ಬರೆದರೆ ಸಾಕು, ಆ ಕಾಲದ ಆಟವೆಲ್ಲ ಅದರೊಳಗೆ ಬರುತ್ತದೆ. ಕೊನೆಗೆ 1948ರ ಆ ಎರಡು ಪೆನಾಲ್ಟಿ. ತೊಡಕು ಬರುವುದು ಹೆಸರು ಬರೆಯುವಲ್ಲಿ: ಇಂಗ್ಲಿಷ್ ಅಕ್ಷರಕ್ಕೆ ಎಂಟಕ್ಕೆ ಎಂಟು ಚುಕ್ಕೆಯ ಚೌಕ ಸಾಕಾಗುತ್ತದೆ, ಕನ್ನಡದ ಒತ್ತಕ್ಷರ ಅದರಲ್ಲಿ ಹಿಡಿಸದು. ‘ಅಹ್ಮದ್’ ಎಂದು ಓದುವಂತೆ ಬರೆಯಲು ಹದಿನಾರಕ್ಕೆ ಹದಿನಾರರ ಚೌಕ ಬೇಕು, ಅಂದರೆ ಒಂದು ಅಕ್ಷರಕ್ಕೆ ನಾಲ್ಕು ತುಣುಕು. ಆಟಗಾರರ ಹೆಸರಿಗೆ ಬೇಕಾದ ಅಕ್ಷರಗಳನ್ನಷ್ಟೇ ಆರಿಸಿಕೊಂಡು ಬಿಡಿಸಿದರೆ ಆ ಲೆಕ್ಕವೂ ಕೂಡಿಬರುತ್ತದೆ.